ಕುಲಪತಿ ಹುದ್ದೆ ಖಾಲಿ ಇದ್ದರೆ ನನ್ನ ಕಡತಕ್ಕೆ ಸಹಿ ಹಾಕುವವರು ಯಾರು?

ತುಂಗೆಯ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದವಳು. ನಮ್ಮ ರಾಜ್ಯದ್ದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಹೆಸರು ಬೇಡ. ಮೌಖಿಕ ಪರೀಕ್ಷೆ ಮುಗಿದು ಏಳು ತಿಂಗಳಾಯಿತು. ಅವತ್ತು ಎಲ್ಲರೂ "ಡಾಕ್ಟರ್" ಅಂತ ಕರೆದರು, ಅಪ್ಪ ಊರಲ್ಲಿ ಪೇಡೆ ಹಂಚಿದರು. ಆದರೆ ಪದವಿ ಸಿಕ್ಕಿದೆ ಅಂತ ವಿಶ್ವವಿದ್ಯಾಲಯ ಹೊರಡಿಸುವ ಅಧಿಸೂಚನೆ ಇನ್ನೂ ಬಂದಿಲ್ಲ. ಅದು ಬಾರದೆ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದಿಲ್ಲ.

ಶಾಖೆಗೆ ಹೋದಾಗಲೆಲ್ಲ ಒಂದೇ ಉತ್ತರ. "ಕುಲಪತಿಗಳ ಅವಧಿ ಮುಗಿದಿದೆ ಮೇಡಂ, ಹೊಸಬರು ಬರಲಿ." ಈಗ ಪ್ರಭಾರ ಕುಲಪತಿ ಇದ್ದಾರೆ. ಕುಲಸಚಿವರು ಅಂತ ಇಬ್ಬರಿದ್ದಾರೆ. ಹಣಕಾಸು ಅಧಿಕಾರಿ ಅಂತ ಇನ್ನೊಬ್ಬರು. ಆಡಳಿತ ಭವನದ ಮೆಟ್ಟಿಲ ಹತ್ತಿರ ಇಷ್ಟೂ ಜನರ ಹೆಸರಿನ ಫಲಕ ಇದೆ. ಅದರ ಮುಂದೆ ನಿಂತು ಎಷ್ಟೋ ಸಲ ಯೋಚಿಸಿದ್ದೇನೆ, ಇವರಲ್ಲಿ ನನ್ನ ಕೆಲಸ ಯಾರದ್ದು ಅಂತ.

ಕುಲಪತಿಗಳಿಗೆ ಎರಡು ಸಲ ಅರ್ಜಿ ಕೊಟ್ಟೆ. ಉತ್ತರ ಇಲ್ಲ. ರಾಜ್ಯಪಾಲರಿಗೇ ಬರೆ ಅಂತ ಗೆಳತಿ ಹೇಳುತ್ತಿದ್ದಾಳೆ. ನಾನೀಗ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯುಜಿಸಿ ಅರ್ಹತೆ, ಅಂದರೆ ಪಿಎಚ್‌ಡಿಯಂಥದ್ದು, ಇದ್ದವರಿಗೆ ಗೌರವಧನ ಜಾಸ್ತಿ. ಹಾಗಾಗಿ ಒಂದೊಂದು ತಿಂಗಳೂ ನನಗೆ ಲೆಕ್ಕವೇ. ತಿಳಿದವರು ದಯವಿಟ್ಟು ಹೇಳಿ. ಇಷ್ಟು ಜನರಲ್ಲಿ ಯಾರ ಅಧಿಕಾರ ಏನು? ಯಾರ ಬಾಗಿಲು ತಟ್ಟಲಿ?

ಧಾರವಾಡದ ಮೇಷ್ಟ್ರು

ನಿಮ್ಮ ಸಂಕಟ ಅರ್ಥವಾಗುತ್ತದೆ. ಮೂಲ ಕಾರಣ ಮಾತ್ರ ನಿಮ್ಮ ಶಾಖೆಯದ್ದಲ್ಲ. ಕುರ್ಚಿ ಖಾಲಿ ಬಿಡುವುದೇ ದೊಡ್ಡ ತಪ್ಪು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಕುಲಪತಿ ಅವಧಿ 4 ವರ್ಷ. ಅವರು ಯಾವ ದಿನ ಇಳಿಯುತ್ತಾರೆ ಅನ್ನುವುದು ಬಂದ ದಿನವೇ ಗೊತ್ತಿರುತ್ತದೆ. ಆದರೂ ಹೊಸಬರ ಹೆಸರು ಸೂಚಿಸುವ ಶೋಧನಾ ಸಮಿತಿ ರಚನೆ ತಡ, ಸಭೆ ತಡ. ಸಮಿತಿ ಹೆಸರು ಕೊಟ್ಟ ಮೇಲೂ ತಡ. ಕುಲಾಧಿಪತಿಗಳಾದ ರಾಜ್ಯಪಾಲರು ನೇಮಕ ಮಾಡಬೇಕು, ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಈ ಎರಡರ ನಡುವೆ ತಿಂಗಳುಗಳು ಕಳೆಯುತ್ತವೆ. ಅಲ್ಲಿಯವರೆಗೆ ಹಿರಿಯ ಡೀನ್ ಒಬ್ಬರು ಪ್ರಭಾರ. ಅವರೂ ನಿವೃತ್ತರಾದರೆ ಮುಂದಿನ ಹಿರಿಯರು.

ನಮ್ಮ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿ ಆಗಿದ್ದರು. 13 ವರ್ಷ. ಆ ಗುಡ್ಡದ ಮೇಲೆ ಇವತ್ತು ಕಾಣುವ ಕ್ಯಾಂಪಸ್ ಅವರ ಕಾಲದಲ್ಲಿ ಎದ್ದದ್ದು. ಒಬ್ಬರು ಕೂತು ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ನೀವು ಹಿಂಜರಿಯದೆ ರಾಜ್ಯಪಾಲರಿಗೆ ಬರೆಯಿರಿ.

ನಿವೃತ್ತ ಅಧೀಕ್ಷಕ

ಅಮ್ಮ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರಲು ಆಗಲಿಲ್ಲ. ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಟಪಾಲು ಶಾಖೆಗೆ ಸೇರಿ, ಅಧೀಕ್ಷಕನಾಗಿ ಹೊರಬಂದೆ. ಕೊನೆಯ 9 ವರ್ಷ ಕುಲಸಚಿವರ ಕಚೇರಿಯಲ್ಲೇ ಇದ್ದೆ. ಹಾಗಾಗಿ ಈ ನಾಲ್ಕು ಕೊಠಡಿಗಳೂ ನನಗೆ ಗೊತ್ತು.

ಮೊದಲು ನಿಮ್ಮ ಕೆಲಸದ ಮಾತು. ರಾಜ್ಯಪಾಲರಿಗೆ ಈಗ ಬರೆಯಬೇಡಿ. ಮೇಷ್ಟ್ರ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿಗೆ ಬರೆದ ಪತ್ರ "ಸೂಕ್ತ ಕ್ರಮಕ್ಕಾಗಿ" ಅಂತ ಕುಲಸಚಿವರಿಗೇ ವಾಪಸ್ ಬರುತ್ತದೆ. ಅಂಥ ಪತ್ರಗಳನ್ನು ನಾನೇ ವಹಿಯಲ್ಲಿ ದಾಖಲು ಮಾಡುತ್ತಿದ್ದೆ. ಸುತ್ತು ಹಾಕಿ ಬಂದದ್ದಷ್ಟೇ ಲಾಭ.

"ಹೊಸ ಕುಲಪತಿ ಬರಲಿ" ಅನ್ನುವ ಉತ್ತರ ಸರಿಯಲ್ಲ. ದಿನನಿತ್ಯದ ಕೆಲಸ ನಿಲ್ಲಬಾರದು ಅಂತಲೇ ಪ್ರಭಾರದ ವ್ಯವಸ್ಥೆ ಇರುವುದು. ಅವರು ಹೊಸ ನೇಮಕಾತಿಗೆ, ದೊಡ್ಡ ಟೆಂಡರಿಗೆ ಕೈಹಾಕಲು ಹಿಂಜರಿಯಬಹುದು, ಅದು ಬೇರೆ ಮಾತು. ನಿಯಮದ ಪ್ರಕಾರ ಎಲ್ಲ ಮುಗಿಸಿದ ಸಂಶೋಧಕಿಯ ಕಡತಕ್ಕೆ ಸಹಿ ಹಾಕಲು ಯಾವ ಅಡ್ಡಿಯೂ ಇಲ್ಲ. ನನ್ನ ಅನುಭವದಲ್ಲಿ ಈ ಉತ್ತರ ಬಂತು ಅಂದರೆ ಕಡತ ಕುಲಪತಿ ಕೊಠಡಿಯ ಹತ್ತಿರವೂ ಹೋಗಿಲ್ಲ ಅಂತ ಅರ್ಥ. ಎಲ್ಲೋ ಕೆಳಗೆ ನಿಂತಿದೆ. ಎಲ್ಲಿ ಅಂತ ಹುಡುಕಬೇಕು.

ಈಗ ಆ ಫಲಕದಲ್ಲಿರುವವರ ವಿಷಯ. ಕುಲಸಚಿವರು ಇಬ್ಬರು. ಒಬ್ಬರು ಆಡಳಿತಕ್ಕೆ. ನೇಮಕಾತಿ, ಆಸ್ತಿ, ಕೋರ್ಟ್ ವ್ಯವಹಾರ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ಕಾರ್ಯಸೂಚಿ, ನಡಾವಳಿ ಎಲ್ಲ ಅವರದ್ದು. ವಿಶ್ವವಿದ್ಯಾಲಯದ ಮೊಹರು ಅವರ ಸುಪರ್ದಿಯಲ್ಲಿ ಇರುತ್ತದೆ. ಇನ್ನೊಬ್ಬರು ಮೌಲ್ಯಮಾಪನ ಕುಲಸಚಿವರು. ಪ್ರಶ್ನೆಪತ್ರಿಕೆಯಿಂದ ಹಿಡಿದು ಅಂಕಪಟ್ಟಿವರೆಗೆ ಅವರ ಜವಾಬ್ದಾರಿ. ನಾನಿದ್ದ ಕಡೆ ಪಿಎಚ್‌ಡಿ ನೋಂದಣಿ ಆಡಳಿತದ ಕಡೆಗಿತ್ತು. ಪ್ರಬಂಧ ಸಲ್ಲಿಸಿದ ದಿನದಿಂದ ಕಡತ ಮೌಲ್ಯಮಾಪನದ ಕಡೆಗೆ ಹೋಗುತ್ತಿತ್ತು. ಅಧಿಸೂಚನೆಗೆ ಸಹಿಯೂ ಅವರದ್ದೇ. ಹಾಗಾಗಿ ನಿಮ್ಮ ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ಹಣಕಾಸು ಅಧಿಕಾರಿ ಸಾಮಾನ್ಯವಾಗಿ ಸರ್ಕಾರದ ಲೆಕ್ಕಪತ್ರ ಇಲಾಖೆಯಿಂದ ಬಂದವರು. ಶುಲ್ಕ ಬಾಕಿ ಇಲ್ಲ ಅಂತ ಅವರ ಶಾಖೆ ಹೇಳದೆ ಕಡತ ಮುಂದೆ ಸಾಗುವುದಿಲ್ಲ.

ಕುಲಪತಿ ಎಲ್ಲರಿಗಿಂತ ಮೇಲಿನವರು ನಿಜ. ಸಿಂಡಿಕೇಟಿಗೂ ಅವರೇ ಅಧ್ಯಕ್ಷರು, ವಿದ್ಯಾವಿಷಯಕ ಪರಿಷತ್ತಿಗೂ ಅವರೇ. ತುರ್ತು ಇದ್ದರೆ ಮೊದಲು ಆದೇಶ ಕೊಟ್ಟು ಆಮೇಲೆ ಸಭೆಯಲ್ಲಿ ಘಟನೋತ್ತರ ಅನುಮೋದನೆ ಪಡೆಯಬಹುದು. ಆದರೆ ಅವರು ಬರೆಯುವುದು ಟಿಪ್ಪಣಿ ಹಾಳೆಯ ಕೊನೆಯ ಸಾಲು. ವಿಷಯ ನಿರ್ವಾಹಕ ಮೊದಲು ಬರೆಯುತ್ತಾನೆ. ಅಲ್ಲಿಂದ ಅಧೀಕ್ಷಕ, ಸಹಾಯಕ ಕುಲಸಚಿವ, ಉಪ ಕುಲಸಚಿವ, ಕುಲಸಚಿವ. ಕೊನೆಗೆ ಹಸಿರು ಶಾಯಿಯಲ್ಲಿ "ಕಂಡಿಕೆ 14ರಂತೆ ಅನುಮೋದಿಸಿದೆ". ಆ 14 ಕಂಡಿಕೆಗಳು, ಅಂದರೆ ಟಿಪ್ಪಣಿಯ ಪ್ಯಾರಾಗಳು, ಮೊದಲು ತುಂಬಬೇಕಲ್ವಾ?

ಒಂದು ಘಟನೆ ಹೇಳುತ್ತೇನೆ. ಮಹಿಳಾ ಹಾಸ್ಟೆಲ್ಲಿನ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ಬೇಸಿಗೆ. ಹೊಸ ಮೋಟಾರಿಗೆ ಕಡತ ಮಂಡಿಸಿದವನು ನಾನು. ಕುಲಸಚಿವರು "ಹಣಕಾಸು ಅಧಿಕಾರಿಗಳ ಅಭಿಪ್ರಾಯ ಪಡೆಯಿರಿ" ಅಂತ ಬರೆದರು. ಹಣಕಾಸು ಅಧಿಕಾರಿ "ಆಡಳಿತಾತ್ಮಕ ಅನುಮೋದನೆ ಇದೆಯೇ, ಸ್ಪಷ್ಟಪಡಿಸಿ" ಅಂತ ಬರೆದರು. ಅಷ್ಟರಲ್ಲಿ ಕುಲಸಚಿವರಿಗೆ ವರ್ಗ ಆಯಿತು. ಅವರು ಕೆಎಎಸ್, ಅಂದರೆ ರಾಜ್ಯ ಆಡಳಿತ ಸೇವೆಯ ಅಧಿಕಾರಿ, ಬಂದು ಒಂದು ವರ್ಷವೂ ಆಗಿರಲಿಲ್ಲ. ಪ್ರಾಧ್ಯಾಪಕರೊಬ್ಬರಿಗೆ ಪ್ರಭಾರ ಕೊಟ್ಟರು. ಪಾಪ, ಅವರಿಗೆ ದುಡ್ಡಿನ ಕಡತ ಅಂದರೆ ಭಯ. "ಚರ್ಚಿಸಿ" ಅಂತ ಬರೆದರು. ಚರ್ಚಿಸಿದೆ. ಮತ್ತೆ "ಚರ್ಚಿಸಿ" ಅಂತ ಬರೆದರು. ಅದೇ ಪುಟದಲ್ಲಿ ಮೂರು "ಚರ್ಚಿಸಿ" ಇದ್ದವು, ಮೂರು ಬೇರೆ ಬೇರೆ ತಾರೀಕು. ಆ ಪುಟದ ಮೂಲೆಯಲ್ಲಿ ಯಾರದ್ದೋ ಟೀ ಲೋಟದ ಗುರುತು ಬಿದ್ದಿತ್ತು. ಈಗಲೂ ಕಣ್ಣ ಮುಂದೆ ಇದೆ.

ಆ ಎರಡು ಬಾಗಿಲುಗಳ ನಡುವೆ ನಲವತ್ತು ಹೆಜ್ಜೆ ದೂರ. ಕಡತ 67 ದಿನ ಓಡಾಡಿತು. ಆ 67 ದಿನ ಹುಡುಗಿಯರು ಕೆಳಗಿನ ನಲ್ಲಿಯಿಂದ ಮೂರನೇ ಮಹಡಿಗೆ ಕೊಡದಲ್ಲಿ ನೀರು ಹೊತ್ತರು. ಪರೀಕ್ಷೆ ಹತ್ತಿರ ಬಂದಿತ್ತು. ಒಬ್ಬ ಹುಡುಗಿ ನನ್ನ ಮೇಜಿನ ಹತ್ತಿರ ಬಂದು, "ಸರ್, ಎಲ್ಲಿದೆ ಅಂತ ಹೇಳಿ, ನಾನೇ ಹೋಗಿ ಕೇಳುತ್ತೇನೆ" ಅಂದಳು. ನಾನು ಹೇಳಲಿಲ್ಲ. ಹೇಳುವ ಹಾಗಿಲ್ಲ ಅಂದುಕೊಂಡಿದ್ದೆ. ಅದು ತಪ್ಪು. ಅದಕ್ಕೇ ಇವತ್ತು ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಆಮೇಲೆ ಹೊಸ ಕುಲಪತಿ ಬಂದರು. ಅವರು ಮಾಡಿದ ಮೊದಲ ಕೆಲಸ ಇಷ್ಟೇ. ಪ್ರತಿ ಸೋಮವಾರ 10:30ಕ್ಕೆ ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಮೂವರನ್ನೂ ತಮ್ಮ ಕೊಠಡಿಗೆ ಕರೆದರು. 15 ದಿನಕ್ಕಿಂತ ಹಳೆಯ ಕಡತಗಳ ಪಟ್ಟಿ ತರಬೇಕು. ಒಂದೊಂದನ್ನೂ ಓದಿಸುತ್ತಿದ್ದರು. ಅಲ್ಲಿಯೇ ಮಾತು, ಅಲ್ಲಿಯೇ ಸಹಿ. ಪಟ್ಟಿ ಹಿಡಿದುಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದವನು ನಾನು. ಮೊದಲ ಸೋಮವಾರ ಪಟ್ಟಿಯಲ್ಲಿ ಮೋಟಾರ್ ಇತ್ತು. ಹತ್ತು ನಿಮಿಷ ಹಿಡಿಯಲಿಲ್ಲ. ನಿಯಮ ಬದಲಾಗಿರಲಿಲ್ಲ, ಹಣವೂ ಹೊಸದಾಗಿ ಬಂದಿರಲಿಲ್ಲ. ನಾಲ್ಕು ಜನ ಒಂದೇ ಮೇಜಿಗೆ ಬಂದಿದ್ದರು, ಅಷ್ಟೇ.

ಮೇಷ್ಟ್ರೇ, ನಿಮಗೂ ಇದೇ ಮಾತು. ಪಾವಟೆಯವರ ಹೆಸರು ಹೇಳಿದಿರಿ, ನನಗೂ ಅವರ ಮೇಲೆ ದೊಡ್ಡ ಗೌರವ. ಇತ್ತ ನಮ್ಮ ಮೈಸೂರಿನಲ್ಲಿ ಕುವೆಂಪು ಅವರು ಈ ಕುರ್ಚಿಯಲ್ಲಿ ಕೂತದ್ದು 1956ರಿಂದ 1960ರವರೆಗೆ, ನಾಲ್ಕೇ ವರ್ಷ. ಅಲ್ಲಿನ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅನ್ನುವ ಹೆಸರು ಅವರು ಕೊಟ್ಟದ್ದು. ಹಾಗಾಗಿ ನಾಲ್ಕು ವರ್ಷ ಕಡಿಮೆ ಅಂತ ನಾನು ಹೇಳಲಾರೆ. ಅದರಲ್ಲಿ ಒಂದು ವರ್ಷ ಕುಲಸಚಿವರೇ ಇಲ್ಲದೆ, ಇನ್ನೊಂದು ವರ್ಷ ಹಣಕಾಸು ಅಧಿಕಾರಿ ಎರಡು ಕಡೆ ಪ್ರಭಾರ ಇಟ್ಟುಕೊಂಡು ಕಳೆದರೆ, ಉಳಿಯುವುದು ಎಷ್ಟು?

ಲೆಕ್ಕದ ಶಾಖೆ

ಅಧೀಕ್ಷಕರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾನು ಇನ್ನೊಂದು ವಿಶ್ವವಿದ್ಯಾಲಯದ ಹಣಕಾಸು ಶಾಖೆಯಲ್ಲಿ ಇದ್ದೇನೆ. ಎಲ್ಲರೂ ನಮ್ಮನ್ನು ಅಡ್ಡಗಾಲು ಅನ್ನುತ್ತಾರೆ. ಆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಉತ್ತರ ಕೊಡಬೇಕಾದವರು ನಾವು. ಹತ್ತು ವರ್ಷ ಹಿಂದಿನ ಒಂದು ಸಹಿಗೆ ನಿವೃತ್ತಿ ದಿನ ಲೆಕ್ಕ ಕೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಳೆಯ ವಿಶ್ವವಿದ್ಯಾಲಯಗಳಲ್ಲಿ ಪಿಂಚಣಿ ಹೊರೆ ಎಷ್ಟು ಬೆಳೆದಿದೆ ಅಂತ ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಇರುವ ದುಡ್ಡಿನಲ್ಲಿ ಮೊದಲು ಸಂಬಳ, ಪಿಂಚಣಿ, ಆಮೇಲೆ ಉಳಿದದ್ದು. ಈ ಸ್ಥಿತಿಯಲ್ಲಿ ನಾವು "ಇಲ್ಲ" ಅನ್ನುವುದನ್ನು ಬೇಗ ಕಲಿಯುತ್ತೇವೆ.

ತುಂಗೆಯ ದಂಡೆ ಮೇಡಂ, ನಿಮ್ಮ ವಿಷಯಕ್ಕೆ ಬಂದರೆ ಒಂದು ಅನುಮಾನ ಇದೆ. ನೀವು ಐದು ವರ್ಷ ದಾಟಿದ ಮೇಲೆ ಪ್ರಬಂಧ ಕೊಟ್ಟಿರಾ? ಹಾಗಿದ್ದರೆ ಕೊನೆಯ ವರ್ಷದ ಶುಲ್ಕದ ರಸೀದಿ ಕಡತದಲ್ಲಿ ಇದೆಯಾ ನೋಡಿ. ನಮ್ಮಲ್ಲಿ ಇಂಥ ಕಡತ ಹತ್ತು ಬಂದರೆ ಐದಾರಕ್ಕೆ ಅದೇ ಇರುವುದಿಲ್ಲ. ಬೇಬಾಕಿ ಪತ್ರದಲ್ಲಿ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ಗ್ರಂಥಾಲಯ, ವಿಭಾಗ, ಹಾಸ್ಟೆಲ್ ಎಲ್ಲರ ಸಹಿ ಇರುತ್ತದೆ, ನಮ್ಮದು ಮಾತ್ರ ಖಾಲಿ. ಕಡತ ನಮ್ಮ ಬೀರುವಿನಲ್ಲಿ ಕೂತಿರುತ್ತದೆ. ಅಭ್ಯರ್ಥಿಗೆ ಪತ್ರ ಬರೆದು ಕೇಳಬೇಕು. ಬರೆಯಲು ಜನ ಇಲ್ಲ. ನಾಲ್ಕು ಜನರ ಕೆಲಸ ಈಗ ನಾನು ಮತ್ತು ಒಬ್ಬ ಹೊರಗುತ್ತಿಗೆ ಹುಡುಗ ಮಾಡುತ್ತಿದ್ದೇವೆ.

ಧಾರವಾಡದ ಮೇಷ್ಟ್ರು

ಅಧೀಕ್ಷಕರೇ, ನಿಮ್ಮ ಸೋಮವಾರದ ಸಭೆ ಮನಸ್ಸಿಗೆ ಹಿಡಿಸಿತು. ಆದರೂ ನನ್ನ ಒಂದು ತಕರಾರು. ಕುಲಸಚಿವರಾಗಿ ಕೆಎಎಸ್ ಅಧಿಕಾರಿಗಳನ್ನು ತರುವುದೇ ಸರಿಯಲ್ಲ ಅನ್ನಿಸುತ್ತದೆ. ಅವರಿಗೆ ತಾಲ್ಲೂಕು ಗೊತ್ತು, ತರಗತಿ ಗೊತ್ತಿಲ್ಲ. ಬರುವಾಗಲೇ ಮುಂದಿನ ವರ್ಗದ ಯೋಚನೆ. ಪ್ರಾಧ್ಯಾಪಕರನ್ನೇ ಹಾಕಬೇಕು.

ನಿವೃತ್ತ ಅಧೀಕ್ಷಕ

ಮೇಷ್ಟ್ರೇ, ನಾನು ಏಳು ಕುಲಸಚಿವರ ಕೆಳಗೆ ಕೆಲಸ ಮಾಡಿದ್ದೇನೆ. ನಾಲ್ವರು ಅಧಿಕಾರಿಗಳು, ಮೂವರು ಪ್ರಾಧ್ಯಾಪಕರು. ಒಳ್ಳೆಯವರು ಎರಡೂ ಕಡೆ ಇದ್ದರು. ಅಧಿಕಾರಿಗಳಿಗೆ ನಿಯಮ ಬೇಗ ಸಿಗುತ್ತದೆ, ಸಹಿ ಹಾಕಲು ಕೈ ನಡುಗುವುದಿಲ್ಲ. ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಮುಖ ಗೊತ್ತಿರುತ್ತದೆ. ಆದರೆ ನಾಳೆ ಮತ್ತೆ ಅದೇ ವಿಭಾಗಕ್ಕೆ ಹೋಗಿ ಅದೇ ಸಹೋದ್ಯೋಗಿಗಳ ಜೊತೆ ಕೂರಬೇಕು ಅನ್ನುವ ಸಂಕೋಚ ಅವರಿಗೆ ಇರುತ್ತದೆ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಅವರು ಸಂಸ್ಥಾನದ ಅಧಿಕಾರಿ ಆಗಿದ್ದವರು, ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಅವರ ನಂತರ ಬಂದ ಬ್ರಜೇಂದ್ರನಾಥ ಸೀಲರು ಬಂಗಾಳದ ತತ್ವಶಾಸ್ತ್ರದ ಪಂಡಿತರು. ಕಚೇರಿಯಿಂದ ಬಂದವರೂ ಕಟ್ಟಿದರು, ತರಗತಿಯಿಂದ ಬಂದವರೂ ಕಟ್ಟಿದರು.

ನನಗೆ ಬೇಕಾದದ್ದು ಒಂದೇ. ಬಂದವರು ಮೂರು ವರ್ಷವಾದರೂ ಇರಲಿ. ಸಿಂಡಿಕೇಟ್ ನಡಾವಳಿ ಬರೆಯುವವರು ಸಭೆಯಿಂದ ಸಭೆಗೆ ಬದಲಾದರೆ, ಹೋದ ಸಲ ಏನು ಒಪ್ಪಿದೆವು ಅಂತ ನೆನಪಿಡುವವರು ಯಾರು? ನಮ್ಮ ಕಚೇರಿಯಲ್ಲಿ ಆ ನೆನಪು ಒಬ್ಬ ಅಟೆಂಡರ್ ಹತ್ತಿರ ಇತ್ತು. ಯಾವ ವರ್ಷದ ಯಾವ ನಡಾವಳಿ ಯಾವ ಬೀರುವಿನ ಎಷ್ಟನೇ ಅರೆಯಲ್ಲಿದೆ ಅಂತ ಅವರು ಕಣ್ಣುಮುಚ್ಚಿ ಹೇಳುತ್ತಿದ್ದರು. ಕುಲಸಚಿವರು ಬದಲಾದಾಗಲೆಲ್ಲ ಮೊದಲು ಅವರನ್ನೇ ಕರೆಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗ ತುಂಬಲಿಲ್ಲ.

ಲೆಕ್ಕದ ಶಾಖೆಯವರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾವು ನಿಮ್ಮನ್ನು ಬೈಯುತ್ತಿದ್ದೆವು. ನಿಮ್ಮ ಮೇಜಿನ ಮೇಲಿನ ರಾಶಿ ನಾವು ನೋಡಿರಲಿಲ್ಲ.

ಅಮ್ಮ, ಈಗ ನೀವು ಹೀಗೆ ಮಾಡಿ. ಮೌಲ್ಯಮಾಪನ ಕುಲಸಚಿವರ ಹೆಸರಿಗೆ ಅರ್ಧ ಪುಟದ ಅರ್ಜಿ. ಕಷ್ಟ ಬರೆಯಬೇಡಿ, ತಾರೀಕು ಬರೆಯಿರಿ. ನೋಂದಣಿ ಸಂಖ್ಯೆ, ಪ್ರಬಂಧ ಸಲ್ಲಿಸಿದ ದಿನ, ಮೌಖಿಕ ಪರೀಕ್ಷೆಯ ದಿನ. ಪ್ರತಿ ಒಂದನ್ನು ಹಣಕಾಸು ಅಧಿಕಾರಿಗೆ, ಇನ್ನೊಂದನ್ನು ಪ್ರಭಾರ ಕುಲಪತಿಗಳ ಆಪ್ತ ಶಾಖೆಗೆ ಕೊಡಿ. ಮೂರಕ್ಕೂ ಟಪಾಲಿನಲ್ಲಿ ಸೀಲು ಹಾಕಿಸಿ, ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ಸಂಖ್ಯೆ) ಬರೆಸಿಕೊಳ್ಳಿ. ಸಂಖ್ಯೆ ಇಲ್ಲದ ಕಾಗದ ಕಚೇರಿಯಲ್ಲಿ ಇದ್ದೂ ಇಲ್ಲದ ಹಾಗೆ. ಆಮೇಲೆ ಶಾಖೆಯಲ್ಲಿ "ಏನಾಯ್ತು" ಅಂತ ಕೇಳಬೇಡಿ. "ಕಡತ ಯಾವ ಮೇಜಿನಲ್ಲಿ, ಯಾವ ತಾರೀಕಿನಿಂದ ಇದೆ" ಅಂತ ಕೇಳಿ.

ಹೇಳದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಟಿಪ್ಪಣಿ ಹಾಳೆಯ ಪ್ರತಿ ಕೇಳಿ. ಆದರೆ ಅದು ಆಮೇಲೆ. ಮೊದಲು ಮನುಷ್ಯರನ್ನು ಕೇಳೋಣ.

ತುಂಗೆಯ ದಂಡೆ

ಸರ್, ನಿಮ್ಮ ಉತ್ತರ ಎರಡು ಸಲ ಓದಿದೆ. ನೀರು ಹೊತ್ತ ಆ ಹುಡುಗಿಯರು ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಹಾಸ್ಟೆಲ್ಲಿನಲ್ಲೂ ಒಂದು ಬೇಸಿಗೆ ಹೀಗೇ ಆಗಿತ್ತು. ಕಾರಣ ಯಾರೂ ಹೇಳಿರಲಿಲ್ಲ.

ಸೋಮವಾರ ಹೋಗಿ ಮೂರೂ ಅರ್ಜಿ ಕೊಟ್ಟೆ. ಆವಕ ಸಂಖ್ಯೆ ಬರೆಸಿಕೊಂಡೆ. ನೀವು ಹೇಳಿದ ಹಾಗೆಯೇ ಕೇಳಿದೆ. ಶಾಖೆಯವರು ಒಂದು ಗಳಿಗೆ ಸುಮ್ಮನೆ ನೋಡಿದರು, ಆಮೇಲೆ ದೊಡ್ಡ ವಹಿ ತೆಗೆದರು. ಲೆಕ್ಕದ ಶಾಖೆ ಸರ್ ಹೇಳಿದ್ದೇ ಸರಿ. ಕಡತ ಐದು ತಿಂಗಳಿಂದ ಹಣಕಾಸು ಶಾಖೆಯಲ್ಲಿದೆ. ಆರನೇ ವರ್ಷದ ಶುಲ್ಕದ ಚಲನ್ ಇಲ್ಲ ಅಂತ ಆಕ್ಷೇಪಣೆ. ಪ್ರಭಾರ ಕುಲಪತಿಗಳಿಗೆ ನನ್ನ ಹೆಸರೂ ಹೋಗಿಲ್ಲ. ಚಲನ್ ನನ್ನ ಹತ್ತಿರ ಇದೆ! ಮನೆಯಲ್ಲಿ ಟ್ರಂಕಿನಲ್ಲಿ. ನಾಳೆ ತಂದು ಕೊಟ್ಟರೆ ಆಯಿತಲ್ವಾ?

ನಿವೃತ್ತ ಅಧೀಕ್ಷಕ

ಮೂಲ ಚಲನ್ ಕೈಬಿಡಬೇಡಿ. ಎರಡು ಜೆರಾಕ್ಸ್ ಮಾಡಿಸಿ, ಮೂಲ ತೋರಿಸಿ ತಾಳೆ ನೋಡಿಸಿ, ಜೆರಾಕ್ಸ್ ಕೊಡಿ. ಜೊತೆಗೆ ಒಂದು ಸಾಲಿನ ಪತ್ರ. ಅದರಲ್ಲಿ ಆಕ್ಷೇಪಣೆಯ ತಾರೀಕು ಬರಲಿ. ಅದಕ್ಕೂ ಆವಕ ಸಂಖ್ಯೆ. ಮತ್ತೆ, ಆ ಶಾಖೆಯಲ್ಲಿ ಕೂತಿರುವವರ ಮೇಲೆ ಕೂಗಬೇಡಿ ಅಮ್ಮ. ಅಲ್ಲೂ ಒಬ್ಬ ನಾಲ್ಕು ಜನರ ಕೆಲಸ ಮಾಡುತ್ತಿರುತ್ತಾನೆ.

ತುಂಗೆಯ ದಂಡೆ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಅಧಿಸೂಚನೆ ಬಂತು. ತಾತ್ಕಾಲಿಕ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಯಿತು. ವಿಷಯ ನಿರ್ವಾಹಕರು ಒಳ್ಳೆಯವರು, ಟಿಪ್ಪಣಿ ಹಾಳೆ ತೋರಿಸಿದರು. ಹಣಕಾಸು ಅಧಿಕಾರಿ ಸಹಿ 11ನೇ ತಾರೀಕು. ಮೌಲ್ಯಮಾಪನ ಕುಲಸಚಿವರದ್ದು 12. ಪ್ರಭಾರ ಕುಲಪತಿಗಳದ್ದೂ 12. ನಿಜವಾಗಿಯೂ ಹಸಿರು ಶಾಯಿ, ಸರ್.

ಮೂವರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಅಧಿಸೂಚನೆಯ ಫೋಟೊ ಕಳಿಸಿದೆ. ಹೊರಗೆ ಬರುವಾಗ ಶಾಖೆಯ ಎದುರಿನ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಕನ್ನಡ ವಿಭಾಗ, ಒಬ್ಬರು ಸಸ್ಯಶಾಸ್ತ್ರ. ಅವರಿಗೂ ಹೊಸ ಕುಲಪತಿ ಬರಲಿ ಅಂತಲೇ ಹೇಳಿದ್ದಾರಂತೆ. ಆವಕ ಸಂಖ್ಯೆ ಇದೆಯಾ ಅಂತ ಕೇಳಿದೆ. ಇಬ್ಬರ ಹತ್ತಿರವೂ ಇರಲಿಲ್ಲ. ಪಕ್ಕದಲ್ಲಿ ಕೂತು ಅವರ ಅರ್ಜಿ ಬರೆದುಕೊಟ್ಟು ಬಂದೆ.